ಮೈಲುತುತ್ತು, ಸುಣ್ಣ ಮತ್ತು ಕೊಕೇನ್

(ಆಟಿ ತಿಂಗಳ ಒಂದು ಭಾನುವಾರ ಬದಿಯಡ್ಕದ ವಾಚನಾಲಯವೊಂದರಲ್ಲಿ ಆಡಿದ ಮಾತುಗಳನ್ನು ಆಮೇಲೆ ಕುಳಿತು ಬರೆದದ್ದು. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಹಿಂದಿನ ಸಾಲಿನವರಿಗೆ ಕೇಳಿಸದೆ ಹೋದದ್ದನ್ನು ಸೇರಿಸಿದ್ದೇನೆ. ಅಲ್ಲಿ ಎರಡೆರಡು ಸಲ ಹೇಳಿದ್ದನ್ನು ಬಿಟ್ಟಿದ್ದೇನೆ.)

ಹೊರಗೆ ಮಳೆ ಹೀಗೆ ಸುರಿಯುತ್ತಿರುವುದು ನನ್ನ ಪುಣ್ಯ. ಬೆಳಗ್ಗೆ ಎರಡು ಗಳಿಗೆ ಬಿಸಿಲು ಕಂಡಿದ್ದರೂ ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಈಗ ತೋಟದಲ್ಲಿರುತ್ತಿದ್ದಿರಿ. ಎರಡನೆಯ ಸಲ ಮದ್ದು ಬಿಡುವ ಕಾಲವಿದು. ಅಡಿಕೆಯ ಕೊಳೆರೋಗಕ್ಕೆ ಹೆದರದೆ ಭಾಷಣಕ್ಕೆ ಬಂದು ಕೂರುವಷ್ಟು ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ಆದ್ದರಿಂದ ಆ ಮದ್ದಿನಿಂದಲೇ ಆರಂಭಿಸುತ್ತೇನೆ. ಒಂದು ಕಿಲೊ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಇದನ್ನು ಬೇರೆ ಕರಗಿಸಿ, ಅದನ್ನು ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಬರಿಯ ಮೈಲುತುತ್ತಿನ ನೀರನ್ನು ಗೊನೆಗೆ ಹೊಡೆದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ. ಬರಿಯ ಸುಣ್ಣದ ನೀರು ಹೊಡೆದರೆ ಗೊನೆ ಬೆಳ್ಳಗಾಗುತ್ತದೆ, ಕೊಳೆ ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ. ಎರಡೂ ಕೂಡಿ ಆಕಾಶನೀಲಿಗೆ ತಿರುಗಿದರೆ ಅದು ಬೋರ್ಡೋ ದ್ರಾವಣ. ಹದ ನೋಡಲು ನನ್ನ ಅಪ್ಪ ಕತ್ತಿಯ ಅಲಗನ್ನು ಉಜ್ಜಿ ಅದರಲ್ಲಿ ಅದ್ದುತ್ತಿದ್ದರು. ಅಲಗಿನ ಮೇಲೆ ಕೆಂಪು ಕಟ್ಟಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಈ ಮಿಶ್ರಣವನ್ನು ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರ ಸುಮಾರಿನ ಮಾತು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೇ ಇದ್ದ ಉಪಾಯ.

ಇದರಲ್ಲಿ ಸುಣ್ಣದ ಪಾತ್ರವನ್ನು ಗಮನಿಸಿ. ರೋಗಾಣುವನ್ನು ಹೊಡೆಯುವುದು ತಾಮ್ರ. ಸುಣ್ಣವಿರುವುದು ತಾಮ್ರದ ಕೈ ಹಿಡಿಯುವುದಕ್ಕೆ. ತಾಮ್ರದ ಕೆಟ್ಟ ಗುಣ ತಡೆಯಬೇಕು, ಒಳ್ಳೆಯ ಗುಣ ಉಳಿಯಬೇಕು. ಇಂದು ನಾನು ಹೇಳಲಿರುವ, ಕೊಕೇನ್ ಚಟ ಬಿಡಿಸಲು ಪರೀಕ್ಷಿಸಿದ ಮದ್ದಿನ ಜೋಡಿಯ ಹಿಂದೆ ಇರುವುದೂ ಇದೇ ಯೋಚನೆ.

ಬದಿಯಡ್ಕದಲ್ಲಿ ಕೊಕೇನ್ ವಿಷಯವೇಕೆ ಎಂದು ಕರೆದವರೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ದೆಹಲಿಯ ಏಮ್ಸ್ ನಡೆಸಿ, ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು ನೂರಕ್ಕೆ 14.6, ಅಫೀಮಿನ ವರ್ಗದ ವಸ್ತುಗಳನ್ನು ಬಳಸುವವರು ನೂರಕ್ಕೆ ಸುಮಾರು ಎರಡು, ಕೊಕೇನ್ ಬಳಸುವವರು ಸಾವಿರಕ್ಕೆ ಒಬ್ಬರು. ನಮ್ಮ ಕಡೆ ಪತ್ರಿಕೆ ಬಿಡಿಸಿದರೆ ಕಾಣುವುದು ಎಂಡಿಎಂಎ ಮತ್ತು ಗಾಂಜಾ. ಕೊಕೇನ್ ಇಲ್ಲಿನ ಜೇಬಿಗೆ ಎಟುಕುವ ವಸ್ತುವಲ್ಲ. ಆದರೂ ಅದನ್ನೇ ಆರಿಸಿಕೊಂಡೆ. ಮದ್ಯದ ಚಟಕ್ಕೆ ಮಾತ್ರೆಗಳಿವೆ. ಅಫೀಮು, ಹೆರಾಯಿನ್ ಚಟಕ್ಕೆ ಒಳ್ಳೆಯ ಮದ್ದುಗಳಿವೆ. ಕೊಕೇನ್ ಚಟಕ್ಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ಒಂದೇ ಒಂದು ಮದ್ದೂ ಇಲ್ಲ. ನಲವತ್ತು ವರ್ಷದಿಂದ ಹುಡುಕುತ್ತಿದ್ದಾರೆ. ಮದ್ದು ಹುಡುಕುವವರು ಹೇಗೆ ಯೋಚಿಸುತ್ತಾರೆ, ಹೇಗೆ ಸೋಲುತ್ತಾರೆ, ಸೋಲನ್ನು ಹೇಗೆ ಬರೆದಿಡುತ್ತಾರೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾನು ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸಿದವನು, ರೋಗಿಗಳ ನಾಡಿ ಹಿಡಿದವನಲ್ಲ. ಈ ಮಾತನ್ನು ನೆನಪಿನಲ್ಲಿಟ್ಟು ಕೇಳಿ.

ಸುಣ್ಣದ ಸುದ್ದಿ ಬಂದದ್ದರಿಂದ ಇನ್ನೊಂದು ಮಾತು. ಪೆರು, ಬೊಲಿವಿಯಾ ದೇಶಗಳ ಬೆಟ್ಟದ ಜನ ಕೋಕಾ ಎಲೆಯನ್ನು ಜಗಿಯುವಾಗ ಜೊತೆಗೆ ಸುಣ್ಣವನ್ನೋ ಬೂದಿಯನ್ನೋ ಸೇರಿಸಿಕೊಳ್ಳುತ್ತಾರೆ. ನಮ್ಮ ಎಲೆತಟ್ಟೆಯ ಮುಂದೆ ಕುಳಿತ ಅಜ್ಜಂದಿರು ಮಾಡುವುದೂ ಅದನ್ನೇ. ಕ್ಷಾರ ಸೇರಿದಾಗ ಎಲೆಯೊಳಗಿನ ಸತ್ವ ಬಿಡುಗಡೆಯಾಗಿ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಭೂಮಿಯ ಎರಡು ತುದಿಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಜನ ಒಂದೇ ರಸಾಯನಶಾಸ್ತ್ರವನ್ನು ಕಂಡುಕೊಂಡರು. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರೂ ಸೇರಿದರೆ ಯಾವುದರಲ್ಲೂ ಇರದ ಕೆಂಪು. ಜಡವಸ್ತುಗಳು ಸೇರಿ ಚೈತನ್ಯ ಹುಟ್ಟುವುದು ಹೀಗೆಯೇ ಎಂದು ಚಾರ್ವಾಕರು ಇದೇ ತಾಂಬೂಲವನ್ನು ತೋರಿಸಿ ವಾದಿಸಿದ್ದರು. ಅವರ ತತ್ತ್ವಕ್ಕೆ ನಾನು ಹೊಣೆಯಲ್ಲ. ಉದಾಹರಣೆ ಮಾತ್ರ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಉಪಯೋಗಕ್ಕೆ ಬರುತ್ತಿತ್ತು.

ಎಲೆ ಜಗಿಯುವವನಿಗೂ ಕೊಕೇನ್ ಪುಡಿ ಏರಿಸಿಕೊಳ್ಳುವವನಿಗೂ ಬಹಳ ದೂರ. ಜರ್ಮನಿಯ ಗಟಿಂಗೆನ್‌ನಲ್ಲಿ ಆಲ್ಬರ್ಟ್ ನೀಮನ್ 1860ರ ಹೊತ್ತಿಗೆ ಎಲೆಯಿಂದ ಸತ್ವವನ್ನು ಬೇರ್ಪಡಿಸಿದ ಮೇಲೆ ಕತೆ ಬದಲಾಯಿತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಅದನ್ನು ಕಣ್ಣಿಗೆ ಹನಿಸಿ, ನೋವಿಲ್ಲದೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿದರು. ಅದೇ ವರ್ಷ, ಅದೇ ಊರಿನ ಸಿಗ್ಮಂಡ್ ಫ್ರಾಯ್ಡ್ ಕೋಕಾವನ್ನು ಕೊಂಡಾಡಿ ಲೇಖನ ಬರೆದರು. ಫ್ರಾಯ್ಡರ ಸ್ನೇಹಿತ ಫ್ಲೈಶ್ಲ್ ಎಂಬ ಶರೀರಶಾಸ್ತ್ರಜ್ಞ ಹೆಬ್ಬೆರಳಿನ ತಾಳಲಾರದ ನೋವಿಗೆ ಮಾರ್ಫಿನ್ ಚುಚ್ಚಿಕೊಂಡು ಅದರ ದಾಸನಾಗಿದ್ದ. ಮಾರ್ಫಿನ್ ಬಿಡಿಸಲು ಫ್ರಾಯ್ಡ್ ಸೂಚಿಸಿದ ಮದ್ದು ಕೊಕೇನ್. ಒಂದು ಚಟ ಬಿಡುವ ಬದಲು ಎರಡು ಅಂಟಿಕೊಂಡವು. 1891ರಲ್ಲಿ ಆತ ತೀರಿಕೊಂಡ. ಚಟಕ್ಕೆ ಮದ್ದು ಕೊಡುವವರೆಲ್ಲರೂ ಗೋಡೆಯ ಮೇಲೆ ತೂಗುಹಾಕಿಕೊಳ್ಳಬೇಕಾದ ಪ್ರಸಂಗ ಇದು. ನಮ್ಮ ದೇಶವೂ ಕೊಕೇನನ್ನು ಕಾಣದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತ, ಮುಂಬಯಿಗಳಲ್ಲಿ ಪಾನ್ ಒಳಗಿಟ್ಟು ಅದನ್ನು ತಿನ್ನುವ ಚಟ ಹಬ್ಬಿತ್ತು. ಅಲ್ಲಿಯೂ ಸುಣ್ಣ!

ಇನ್ನು ಕೊಕೇನ್ ಮಿದುಳಿನಲ್ಲಿ ಮಾಡುವುದೇನು? ತೋಟದ ಕಣಿಯನ್ನು ನೆನಪು ಮಾಡಿಕೊಳ್ಳಿ. ಬುಡಕ್ಕೆ ನೀರು ಬೇಕು, ನಿಂತ ನೀರು ಬೇಡ. ಹೆಚ್ಚಿನದು ಕಣಿಗೆ ಬಸಿದು ಹೋಗಬೇಕು. ಮಿದುಳಿನ ನರಕೋಶಗಳ ನಡುವೆ ಡೊಪಮಿನ್ ಎಂಬ ರಾಸಾಯನಿಕ ಹೀಗೆಯೇ ಬಂದು, ಕೆಲಸ ಮುಗಿಸಿ, ಬಂದ ಕೋಶಕ್ಕೇ ಮರಳಿ ಸೇರುತ್ತದೆ. ಹಸಿದಾಗ ಊಟ ಕಂಡರೆ, ಮಗು ಓಡಿಬಂದು ತಬ್ಬಿಕೊಂಡರೆ ಅದು ಸ್ವಲ್ಪ ಹರಿಯುತ್ತದೆ, ಬಸಿಯುತ್ತದೆ. ಕೊಕೇನ್ ಆ ಕಣಿಗೆ ಮಣ್ಣು ತುಂಬುತ್ತದೆ. ನೀರು ನಿಲ್ಲುತ್ತದೆ. ಆ ನಿಂತ ನೀರೇ ಅಮಲು. ಮೂಗಿನಿಂದ ಎಳೆದದ್ದು ಒಂದು ಗಂಟೆಯೊಳಗೆ ಇಳಿಯುತ್ತದೆ. ಸೇದಿದ್ದು ಇನ್ನೂ ಬೇಗ. ಮತ್ತೆ ಬೇಕು. ತಿಂಗಳುಗಟ್ಟಲೆ ನೀರು ನಿಂತ ತೋಟದಲ್ಲಿ ಬೇರು ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಡೊಪಮಿನ್‌ಗೆ ಸ್ಪಂದಿಸುವ ಗ್ರಾಹಿಗಳು ಕಡಿಮೆಯಾಗುತ್ತವೆ. ಊಟ, ಮಗು, ಹಾಡು ಯಾವುದೂ ರುಚಿಸದು.

ಇದರ ಜೊತೆಗೆ ಇನ್ನೊಂದು ನಡೆಯುತ್ತದೆ. ಅತಿಯಾದ ಸುಖವನ್ನು ತಗ್ಗಿಸಲು ಮಿದುಳು ತನ್ನದೇ ಕಹಿಯನ್ನು ಬಿಡುತ್ತದೆ. ಅದರ ಹೆಸರು ಡೈನಾರ್ಫಿನ್. ಅದು ಹೋಗಿ ಕೂರುವ ಗ್ರಾಹಿಗೆ ಕಪ್ಪಾ ಎಂದು ಹೆಸರು. ಕಪ್ಪಾ ಎಚ್ಚರವಾದರೆ ಮನಸ್ಸಿಗೆ ಕತ್ತಲೆ ಕವಿಯುತ್ತದೆ: ಬೇಸರ, ಕಿರಿಕಿರಿ, ಕಾರಣವಿಲ್ಲದ ಕಳವಳ. ಹಳೆಯ ಚಟದವನು ಕೊಕೇನ್ ಹಿಡಿಯುವುದು ಸುಖ ಬೇಕೆಂದು ಅಷ್ಟಿಷ್ಟಾದರೆ, ಈ ಕತ್ತಲೆಯಿಂದ ಒಂದು ಗಂಟೆ ತಪ್ಪಿಸಿಕೊಳ್ಳಲು ಬಹಳಷ್ಟು. ಅಮೆರಿಕದ ಜಾರ್ಜ್ ಕೂಬ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಬಹುಕಾಲ ಹಿಡಿದು ಕುಳಿತದ್ದು ಈ ಕತ್ತಲೆಯ ಬದಿಯನ್ನು.

ಹಾಗಾದರೆ ಕಪ್ಪಾ ಗ್ರಾಹಿಯ ಬಾಯಿ ಮುಚ್ಚಿದರೆ? ಅದನ್ನು ಮುಚ್ಚುವ ಒಂದು ಮದ್ದು ಆಗಲೇ ಪೇಟೆಯಲ್ಲಿತ್ತು. ಬುಪ್ರೆನಾರ್ಫಿನ್. ನಮ್ಮ ದೇಶದ ವ್ಯಸನಮುಕ್ತಿ ಕೇಂದ್ರಗಳಲ್ಲಿಯೂ ಹೆರಾಯಿನ್ ಚಟಕ್ಕೆ ನಾಲಗೆಯ ಕೆಳಗಿಡಲು ಕೊಡುವ ಮಾತ್ರೆ. ತೊಡಕೇನೆಂದರೆ ಅದು ಅಫೀಮಿನ ವರ್ಗಕ್ಕೇ ಸೇರಿದ್ದು. ಕಪ್ಪಾವನ್ನು ಮುಚ್ಚುವ ಜೊತೆಗೆ, ಮ್ಯೂ ಎಂಬ ಇನ್ನೊಂದು ಗ್ರಾಹಿಯನ್ನು ಅರ್ಧ ತೆರೆಯುತ್ತದೆ. ಅಫೀಮಿನ ಸುಖವೂ ಚಟವೂ ಬರುವುದು ಮ್ಯೂ ಬಾಗಿಲಿನಿಂದ. ಕೊಕೇನ್ ಬಿಡಿಸಲು ಹೋಗಿ ಅಫೀಮು ಹತ್ತಿಸಿದರೆ ಫ್ರಾಯ್ಡರ ಕತೆಯನ್ನೇ ತಿರುಗಿಸಿ ಆಡಿದ ಹಾಗಾಯಿತು.

ಇಲ್ಲಿ ಬೇಕಾದದ್ದು ಸುಣ್ಣ. ಆ ಸುಣ್ಣವೇ ನಾಲ್ಟ್ರೆಕ್ಸೋನ್. ಅದು ಮ್ಯೂ ಬಾಗಿಲಿಗೆ ಅಗುಳಿ ಹಾಕುತ್ತದೆ. ಮೊದಲು ನಾಲ್ಟ್ರೆಕ್ಸೋನ್ ಕೊಟ್ಟು ಮ್ಯೂ ಮುಚ್ಚಿ, ಆಮೇಲೆ ಬುಪ್ರೆನಾರ್ಫಿನ್ ಕೊಟ್ಟರೆ ಅದಕ್ಕೆ ಉಳಿಯುವ ಕೆಲಸ ಕಪ್ಪಾ ಒಂದೇ. ಮೈಲುತುತ್ತಿನ ಸುಡುವ ಗುಣ ಹೋಗಿ ಕೊಳೆ ತಡೆಯುವ ಗುಣ ಉಳಿದ ಹಾಗೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಕೂಬ್ ತಂಡದವರು ಇದನ್ನು ಇಲಿಗಳಲ್ಲಿ ನೋಡಿದರು. ದಿನದಲ್ಲಿ ಹೆಚ್ಚು ಹೊತ್ತು ಕೊಕೇನ್ ಸಿಗುವಂತೆ ಬಿಟ್ಟ ಇಲಿಗಳು ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ತೆಗೆದುಕೊಳ್ಳತೊಡಗುತ್ತವೆ. ಈ ಜೋಡಿ ಕೊಟ್ಟಾಗ ಅವು ತೆಗೆದುಕೊಳ್ಳುವ ಪ್ರಮಾಣ ತಗ್ಗಿತು. ಅಫೀಮಿನ ಅವಲಂಬನೆಯ ಲಕ್ಷಣಗಳೂ ಕಾಣಲಿಲ್ಲ.

ಇಲಿಗೆ ಹಿಡಿದದ್ದು ಮನುಷ್ಯನಿಗೆ ಹಿಡಿಯಬೇಕೆಂದಿಲ್ಲ. ಅಮೆರಿಕದ ಮಾದಕವಸ್ತು ವ್ಯಸನ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯ ನೆರವಿನಿಂದ 11 ಕೇಂದ್ರಗಳಲ್ಲಿ 302 ಜನರ ಮೇಲೆ ಇದರ ಪರೀಕ್ಷೆ ನಡೆಯಿತು. ವಾಲ್ಟರ್ ಲಿಂಗ್ ಮತ್ತು ಸಂಗಡಿಗರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಪರೀಕ್ಷೆಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ಎಲ್ಲರೂ ಕೊಕೇನ್ ಚಟದವರು. ಜೊತೆಗೆ ಅಫೀಮಿನ ವರ್ಗದ ವಸ್ತುಗಳ ಹಿನ್ನೆಲೆಯೂ ಇದ್ದವರು. ಅದರ ಪರಿಚಯವೇ ಇಲ್ಲದವನಿಗೆ ಬುಪ್ರೆನಾರ್ಫಿನ್ ಕೊಟ್ಟು ಹೊಸ ಬಾಗಿಲು ತೋರಿಸಬಾರದಲ್ಲ. ಮೊದಲು ಎಲ್ಲರಿಗೂ ನಾಲ್ಟ್ರೆಕ್ಸೋನ್ ಇಂಜೆಕ್ಷನ್. ಒಂದು ಸಲ ಚುಚ್ಚಿದರೆ ತಿಂಗಳು ಪೂರ್ತಿ ಕೆಲಸ ಮಾಡುವಂಥದ್ದು. ಮಾತ್ರೆಯಾದರೆ ಕೆನ್ನೆಯಲ್ಲಿ ಅಡಗಿಸಿ ಉಗುಳಬಹುದು, ಸೊಂಟಕ್ಕೆ ಚುಚ್ಚಿದ್ದನ್ನು ಉಗುಳಲಾಗದು. ಆಮೇಲೆ ಚೀಟಿ ಎತ್ತಿದ ಹಾಗೆ ಮೂರು ಗುಂಪು. ಒಂದಕ್ಕೆ ದಿನಕ್ಕೆ 16 ಮಿಲಿಗ್ರಾಂ ಬುಪ್ರೆನಾರ್ಫಿನ್, ಇನ್ನೊಂದಕ್ಕೆ 4 ಮಿಲಿಗ್ರಾಂ, ಮೂರನೆಯದಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ಏನೂ ಇಲ್ಲದ ಹುಸಿಮದ್ದು. ಎಂಟು ವಾರ. ಯಾರಿಗೆ ಯಾವುದು ಎಂದು ತೆಗೆದುಕೊಳ್ಳುವವನಿಗೂ ಗೊತ್ತಿಲ್ಲ, ಕೊಡುವವನಿಗೂ ಗೊತ್ತಿಲ್ಲ.

ಏನೂ ಇಲ್ಲದ ಮಾತ್ರೆ ಯಾಕೆ ಎಂದು ಇಲ್ಲಿ ಒಬ್ಬರು ಮುಖ ಸಿಂಡರಿಸಿದರು, ನಾನು ನೋಡಿದೆ. ಕಳೆದ ವರ್ಷ ನಿಮ್ಮ ತೋಟಕ್ಕೆ ಕೊಳೆ ಬರಲಿಲ್ಲ ಎಂದಿಟ್ಟುಕೊಳ್ಳಿ. ಹೊಸ ಕಂಪೆನಿಯ ಮದ್ದು ಹೊಡೆದಿದ್ದಿರಿ. ಮದ್ದಿನಿಂದ ನಿಂತಿತೋ, ಮಳೆ ಕಡಿಮೆಯಾದದ್ದರಿಂದಲೋ? ತೋಟದ ಅರ್ಧಕ್ಕೆ ಮಾತ್ರ ಹೊಡೆದಿದ್ದರೆ ಗೊತ್ತಾಗುತ್ತಿತ್ತು. ಆ ಅರ್ಧವನ್ನೂ ನೀವೇ ಆರಿಸಿದ್ದರೆ ಬಿಸಿಲು ಬೀಳುವ ಮೇಲಿನ ಪಾಲನ್ನೇ ಆರಿಸುತ್ತಿದ್ದಿರಿ. ಅದಕ್ಕೇ ಚೀಟಿ ಎತ್ತುವುದು. ಚಟದ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಚಿಕಿತ್ಸೆಗೆಂದು ಬಂದವನು ಆಗಲೇ ಬಿಡುವ ಮನಸ್ಸು ಮಾಡಿರುತ್ತಾನೆ. ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಬಂದು ದಾದಿಯ ಮುಖ ನೋಡುತ್ತಾನೆ. ಯಾರೋ ತನ್ನನ್ನು ಕೇಳುತ್ತಾರೆ ಎಂಬುದರಿಂದಲೇ ಸ್ವಲ್ಪ ಇಳಿಯುತ್ತದೆ. ಮದ್ದು ಈ ಇಳಿತವನ್ನೂ ಮೀರಿ ಕೆಲಸ ಮಾಡಿ ತೋರಿಸಬೇಕು.

ಯಶಸ್ಸನ್ನು ಅಳೆಯುವುದು ಹೇಗೆ? ಕೊನೆಯ 30 ದಿನಗಳಲ್ಲಿ ಎಷ್ಟು ದಿನ ಕೊಕೇನ್ ತೆಗೆದುಕೊಂಡೆ ಎಂದು ಅವನನ್ನೇ ಕೇಳುವುದು, ಅದನ್ನು ಮೂತ್ರ ಪರೀಕ್ಷೆಗೆ ಹೊಂದಿಸಿ ತಿದ್ದುವುದು. ಕೊಕೇನಿನ ಕುರುಹು ಮೂತ್ರದಲ್ಲಿ ಎರಡರಿಂದ ನಾಲ್ಕು ದಿನ ಉಳಿಯುತ್ತದೆ. ಈ ಲೆಕ್ಕವೇ ತಮ್ಮ ಮುಖ್ಯ ಲೆಕ್ಕ ಎಂದು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಟ್ಟಿದ್ದರು.

ಫಲಿತಾಂಶ: ಮುಖ್ಯ ಲೆಕ್ಕದಲ್ಲಿ ಮೂರು ಗುಂಪುಗಳಿಗೂ ಗಣನೀಯ ವ್ಯತ್ಯಾಸವಿಲ್ಲ.

ಆದರೆ ಇನ್ನೊಂದು ಲೆಕ್ಕವಿತ್ತು. ಅದೇ 30 ದಿನಗಳಲ್ಲಿ, ಅವನ ಮಾತು ಬಿಟ್ಟು ಮೂತ್ರ ಪರೀಕ್ಷೆಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿದಾಗ, 16 ಮಿಲಿಗ್ರಾಂ ಗುಂಪಿನವರ ಪರೀಕ್ಷೆಗಳು ಹುಸಿಮದ್ದಿನ ಗುಂಪಿಗಿಂತ ಹೆಚ್ಚು ಸಲ ಶುದ್ಧವಾಗಿ ಬಂದಿದ್ದವು. 4 ಮಿಲಿಗ್ರಾಂ ಗುಂಪಿನಲ್ಲಿ ಹಾಗೇನೂ ಇರಲಿಲ್ಲ. ಇದನ್ನು ಹಿಡಿದು ಕುಣಿಯುವವರು ಇದ್ದಾರೆ. ನಾನು ಆ ಗುಂಪಿನವನಲ್ಲ. ಯಾವ ಮರಗಳ ಗೊನೆಯನ್ನು ಎಣಿಸುವುದೆಂದು ಮದ್ದು ಹೊಡೆಯುವ ಮೊದಲೇ ಗುರುತು ಹಾಕಬೇಕು. ಕೊಯ್ಲಿನ ದಿನ ತೋಟ ಸುತ್ತಿ, ಚೆನ್ನಾಗಿ ಫಲ ಬಿಟ್ಟ ಮರದ ಕೆಳಗೆ ನಿಂತು ಇದನ್ನೇ ಎಣಿಸಿ ಎಂದರೆ ಯಾವ ಮದ್ದಿಗೂ ಸೋಲೇ ಇಲ್ಲ. ಲಿಂಗ್ ತಂಡದವರು ಮುಖ್ಯ ಲೆಕ್ಕ ಸೋತದ್ದನ್ನು ಮೊದಲು ಹೇಳಿ, ಎರಡನೆಯದನ್ನು ಆಮೇಲೆ ಹೇಳಿದರು. ಆ ಕ್ರಮಕ್ಕೆ ನಾನು ಕೈಮುಗಿಯುತ್ತೇನೆ. ನಾನು ಕಲಿಸುತ್ತಿದ್ದ ಕಾಲದಲ್ಲಿ ಔಷಧ ಕಂಪೆನಿಯ ಪ್ರತಿನಿಧಿಗಳು ಹೊಳೆಯುವ ಕಾಗದದಲ್ಲಿ ತರುತ್ತಿದ್ದ ಪತ್ರಿಕೆಗಳಲ್ಲಿ ಈ ಕ್ರಮ ಕಂಡದ್ದು ಅಪರೂಪ.

ಜೋಡಿಮದ್ದುಗಳ ಸಾಲು ಇಲ್ಲಿಗೆ ಮುಗಿಯುವುದಿಲ್ಲ. ಮದ್ಯ ಮತ್ತು ಕೊಕೇನ್ ಎರಡೂ ಚಟವಿದ್ದ 208 ಜನರಲ್ಲಿ, ಕುಡಿತ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮತ್ತು ನಾಲ್ಟ್ರೆಕ್ಸೋನ್ ಮಾತ್ರೆಗಳನ್ನು ಬೇರೆ ಬೇರೆಯಾಗಿಯೂ ಕೂಡಿಸಿಯೂ ಕೊಟ್ಟು ನೋಡಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಸತತ ಮೂರು ವಾರ ಎರಡನ್ನೂ ಮುಟ್ಟದೆ ಉಳಿದವರು ಜೋಡಿ ಪಡೆದ ಗುಂಪಿನಲ್ಲೇ ಹೆಚ್ಚು. ಮದ್ಯ ಮತ್ತು ಕೊಕೇನ್ ಒಟ್ಟಿಗೆ ಸೇರುವುದೇ ಒಂದು ಭಯಂಕರ ಮಿಶ್ರಣ, ಅದನ್ನು ಯಾರೂ ಬಾಲ್ದಿಯಲ್ಲಿ ಕಲಸಬೇಕಾಗಿಲ್ಲ. ಎರಡೂ ದೇಹ ಸೇರಿದರೆ ನಮ್ಮ ಪಿತ್ತಜನಕಾಂಗವೇ ಕೋಕಾಎಥಿಲೀನ್ ಎಂಬ ಮೂರನೆಯ ವಸ್ತುವನ್ನು ತಯಾರಿಸುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ದೇಹದಲ್ಲಿ ಉಳಿಯುತ್ತದೆ, ಹೃದಯಕ್ಕೆ ಹೆಚ್ಚು ಹಾನಿ ಮಾಡುತ್ತದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರ ದಾರಿ ಬೇರೆ. ಅವರು ಮೂರ್ಛೆರೋಗದ ಮದ್ದು ಟೊಪಿರಮೇಟ್ ಜೊತೆಗೆ, ನಿಧಾನವಾಗಿ ಬಿಡುಗಡೆಯಾಗುವ ಆಂಫೆಟಮಿನ್ ಕೊಟ್ಟರು. ಆಂಫೆಟಮಿನ್ ಕೂಡ ಉದ್ದೀಪಕವೇ. ಕುದಿಯುವ ಪಾತ್ರೆಯಿಂದ ಉರಿ ಎಳೆದು ಕೆಂಡದ ಮೇಲೆ ಇಟ್ಟ ಹಾಗೆ: ಒಮ್ಮೆಲೇ ಏರಿ ಒಮ್ಮೆಲೇ ಇಳಿಯುವುದರ ಬದಲು ದಿನವಿಡೀ ಒಂದೇ ಹದ. ಟೊಪಿರಮೇಟ್ ಆಸೆಯ ಉದ್ರೇಕವನ್ನು ತಣಿಸುತ್ತದೆ ಎಂಬ ಲೆಕ್ಕ. 2012ರಲ್ಲಿ 81 ಜನರಲ್ಲಿ ನೋಡಿದಾಗ ಸತತ ಮೂರು ವಾರ ಮುಟ್ಟದವರು ಜೋಡಿ ಪಡೆದವರಲ್ಲಿ ಮೂರರಲ್ಲಿ ಒಂದು ಪಾಲು, ಹುಸಿಮದ್ದಿನವರಲ್ಲಿ ಆರರಲ್ಲಿ ಒಂದು ಪಾಲು. 2020ರಲ್ಲಿ 127 ಜನರಲ್ಲಿ ಮತ್ತೆ ನೋಡಿದರು. ಪರೀಕ್ಷೆಯ ಕೊನೆಯ ಮೂರು ವಾರ ಶುದ್ಧವಾಗಿದ್ದವರು ಜೋಡಿ ಪಡೆದವರಲ್ಲಿ ನೂರಕ್ಕೆ ಸುಮಾರು 14. ಹುಸಿಮದ್ದಿನ ಗುಂಪಿನಲ್ಲಿ ಒಬ್ಬರೂ ಇಲ್ಲ. ಈ ಅಂಕಿ ಸಣ್ಣದೆಂದು ನಗಬೇಡಿ. ಸೊನ್ನೆಯ ಪಕ್ಕದಲ್ಲಿಟ್ಟು ನೋಡಿ.

ಕೊಕೇನಿನ ಅಣ್ಣತಮ್ಮನಂಥ ಮೆತಾಂಫೆಟಮಿನ್ ಚಟಕ್ಕೆ ನಡೆದ ಪರೀಕ್ಷೆಯ ಸುದ್ದಿ 2021ರ ಜನವರಿಯಲ್ಲಿ ಬಂತು. 403 ಜನ, ಮೂರು ವಾರಕ್ಕೊಮ್ಮೆ ನಾಲ್ಟ್ರೆಕ್ಸೋನ್ ಇಂಜೆಕ್ಷನ್, ದಿನವೂ ಬುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆ. ಮೂತ್ರ ಪರೀಕ್ಷೆಯಲ್ಲಿ ಗೆದ್ದವರು ನೂರಕ್ಕೆ 13.6, ಹುಸಿಮದ್ದಿನವರಲ್ಲಿ 2.5. ಇಲ್ಲಿ ಗೆಲುವೆಂದರೆ ಅಧ್ಯಯನದ ಪ್ರತಿ ಹಂತದ ಕೊನೆಯ ನಾಲ್ಕು ಮೂತ್ರ ಪರೀಕ್ಷೆಗಳಲ್ಲಿ ಮೂರಾದರೂ ಶುದ್ಧವಾಗಿರುವುದು. ಇಷ್ಟೇ ಗೆಲುವೇ ಎಂದು ಕೇಳಬಹುದು. ಒಂಬತ್ತು ಜನರಿಗೆ ಕೊಟ್ಟರೆ ಒಬ್ಬರಿಗೆ ಮದ್ದಿನಿಂದಲೇ ಉಪಕಾರ ಎಂದರ್ಥ. ಮನೋರೋಗಗಳಿಗೆ ನಾವು ದಿನವೂ ಕೊಡುವ ಎಷ್ಟೋ ಮಾತ್ರೆಗಳ ಲೆಕ್ಕವೂ ಇದರ ಆಸುಪಾಸಿನಲ್ಲೇ ಇದೆ.

ಇನ್ನು ನನ್ನ ಔಷಧಶಾಸ್ತ್ರಕ್ಕೆ ಸ್ವಲ್ಪ ಅವಮಾನದ ಭಾಗ. ಕೊಕೇನ್ ಚಟಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿ ತೋರಿಸಿದ್ದು ಮಾತ್ರೆಯೂ ಅಲ್ಲ, ಮಾತ್ರೆಗಳ ಜೋಡಿಯೂ ಅಲ್ಲ. 1990ರ ದಶಕದಲ್ಲಿ ವರ್ಮಾಂಟ್ ರಾಜ್ಯದ ಸ್ಟೀಫನ್ ಹಿಗಿನ್ಸ್ ಎಂಬ ಮನಃಶಾಸ್ತ್ರಜ್ಞರು ಒಂದು ಕ್ರಮ ತಂದರು. ಮೂತ್ರ ಪರೀಕ್ಷೆ ಶುದ್ಧವಾಗಿ ಬಂದರೆ ಎರಡೂವರೆ ಡಾಲರಿನ ಚೀಟಿ. ಮುಂದಿನದೂ ಶುದ್ಧವಾದರೆ ಚೀಟಿಯ ಬೆಲೆ ಏರುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಮೊದಲಿನಿಂದ. ಕೈಗೆ ನಗದು ಇಲ್ಲ. ಚೀಟಿ ಕೊಟ್ಟು ಮೀನು ಹಿಡಿಯುವ ಗಾಳವನ್ನೋ ಮಗುವಿಗೆ ಸೈಕಲನ್ನೋ ತರಿಸಿಕೊಳ್ಳಬಹುದು. ಜೊತೆಗೆ ಕೆಲಸ, ಕುಟುಂಬ, ಬಿಡುವಿನ ವೇಳೆಯನ್ನು ಮತ್ತೆ ಕಟ್ಟಿಕೊಳ್ಳುವ ಮಾತುಕತೆ. 2018ರಲ್ಲಿ 50 ಪರೀಕ್ಷೆಗಳನ್ನು, ಸುಮಾರು ಏಳು ಸಾವಿರ ಜನರ ವಿವರವನ್ನು ಒಟ್ಟುಮಾಡಿ ನೋಡಿದಾಗಲೂ ಮೇಲೆ ಬಂದದ್ದು ಈ ಜೋಡಿಯೇ. ಅಲ್ಲಿಯೂ ಜೋಡಿ ಎಂಬುದನ್ನು ಗಮನಿಸಿ.

ನಮ್ಮ ಊರಿನಲ್ಲಿ ಇದನ್ನು ಹೇಳಿದರೆ ‘ಕುಡಿಯದೆ ಇರುವುದಕ್ಕೂ ಸಂಬಳವೇ?’ ಎಂದು ಕೇಳುತ್ತಾರೆ. ಕೇಳಲಿ. ನಿಂತ ನೀರಿನಲ್ಲಿ ಬೇರು ಕೊಳೆತವನಿಗೆ ಆರು ತಿಂಗಳ ಆಚೆಯ ಒಳ್ಳೆಯ ಬದುಕು ಕಾಣುವುದಿಲ್ಲ, ಇವತ್ತು ಮಧ್ಯಾಹ್ನ ಕೈಗೆ ಬರುವ ಚೀಟಿ ಕಾಣುತ್ತದೆ. ಮಾತ್ರೆಯ ಪರೀಕ್ಷೆಗಳಿಗೆ ಸುರಿದ ಹಣದ ಸಣ್ಣ ಪಾಲನ್ನು ಇದಕ್ಕೆ ಇಡಲು ಹೆಚ್ಚಿನ ಸರಕಾರಗಳಿಗೆ ಕೈ ಬರುವುದಿಲ್ಲ. ಮಾತ್ರೆಗೆ ಹಣ ಕೊಟ್ಟರೆ ಚಿಕಿತ್ಸೆ, ಮನುಷ್ಯನಿಗೆ ಕೊಟ್ಟರೆ ದುಂದು. ಇದು ನನಗೆ ಇಂದಿಗೂ ಅರ್ಥವಾಗದ ಲೆಕ್ಕ.

ಇಷ್ಟು ಹೇಳಿ ನಾನು ನೀರು ಕುಡಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮೊದಲ ಸಾಲಿನ ಹಿರಿಯರೊಬ್ಬರು, ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ಕತ್ತನ್ನು ಮೇಲೆತ್ತಿಕೊಂಡೇ, ‘ಮಾಷ್ಟ್ರೇ, ಹಾಗಾದರೆ ಇದೂ ಚಟವೇ?’ ಎಂದು ಕೇಳಿದರು. ಸಭೆ ನಕ್ಕಿತು. ಚಟ ಹೌದು. ಅಡಿಕೆಯ ಅರೆಕೊಲಿನ್ ಮಿದುಳಿನ ಗ್ರಾಹಿಗಳನ್ನು ಮುಟ್ಟುತ್ತದೆ. ಚಟಕ್ಕಿಂತ ದೊಡ್ಡ ವಿಷಯವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಆದರೂ ಇದನ್ನು ಹೇಳದೆ ಇಳಿದು ಹೋದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಹಿರಿಯರು ಎದ್ದು ಹೊರಗೆ ಹೋಗಿ ಉಗುಳಿ ಬಂದರು; ನನ್ನ ಮಾತಿಗೋ, ಬಾಯಿ ತುಂಬಿತ್ತೆಂದೋ ತಿಳಿಯಲಿಲ್ಲ.

ಕಾಲೇಜು ಹುಡುಗನೊಬ್ಬ ಎಂಡಿಎಂಎಗೂ ಆ 2021ರ ಮದ್ದು ಆಗುತ್ತದೆಯೇ ಎಂದ. ಇಲ್ಲ. ಪೂರ್ಣ ಹೆಸರಿನಲ್ಲಿ ಮೆತಾಂಫೆಟಮಿನ್ ಅಡಗಿದ್ದರೂ ಎಂಡಿಎಂಎ ಮುಖ್ಯವಾಗಿ ಸಿರೊಟೊನಿನ್ ಎಂಬ ಬೇರೆ ರಾಸಾಯನಿಕವನ್ನು ಹೊರಸುರಿಸುತ್ತದೆ. ಒಂದರ ಮೇಲೆ ಪರೀಕ್ಷಿಸಿದ್ದನ್ನು ಇನ್ನೊಂದಕ್ಕೆ ಹಚ್ಚುವುದು, ಅಡಿಕೆಗೆ ಹೇಳಿದ ಮದ್ದನ್ನು ಕಾಳುಮೆಣಸಿನ ಬಳ್ಳಿಗೂ ಅದೇ ಪ್ರಮಾಣದಲ್ಲಿ ಸುರಿದ ಹಾಗೆ.

ಹಿಂದಿನಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಯಾರೂ ನಗಲಿಲ್ಲ. ‘ಅವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ ಇದೆಯಂತೆ. ಕೊಡಬಹುದೇ?’ ಬೇಡ ಅಮ್ಮ, ಖಂಡಿತ ಬೇಡ. ಗುಟ್ಟಿನಲ್ಲಿ ಬೆರೆಸುವ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಅದು ತಿಳಿಯದೆ ಅವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಪರೀಕ್ಷೆಗಳಲ್ಲಿ ಆ ಜನರೆಲ್ಲ ಓದಿ ರುಜು ಹಾಕಿ ಬಂದವರು, ದಿನ ಬಿಟ್ಟು ದಿನ ತಪಾಸಣೆಯಲ್ಲಿದ್ದವರು. ಮಗ ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ ಮಾತನಾಡಿ. ಮನೆಯವರು ಮಾತ್ರ ಬಂದರೂ ಕೇಳುವವರಿದ್ದಾರೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಆಕೆ ಅದನ್ನು ಪಡಿತರ ಚೀಟಿಯ ಹಿಂಬದಿಗೆ ಬರೆದುಕೊಂಡರು.

ಕೊನೆಯವನು ಬಾಗಿಲ ಬಳಿ ನಿಂತೇ ಇದ್ದ, ಕೈಯಲ್ಲಿ ಕೊಡೆ. ‘ನೂರರಲ್ಲಿ ಹದಿನಾಲ್ಕು ಎಂದಿರಿ. ನನ್ನ ತಮ್ಮ ಆ ಹದಿನಾಲ್ಕರಲ್ಲಿ ಇರುತ್ತಾನೋ ಉಳಿದವರಲ್ಲಿ ಇರುತ್ತಾನೋ ಎಂದು ಮೊದಲೇ ಹೇಳಲು ಬರುತ್ತದೆಯೇ?’ ಕೊಕೇನೋ ಬೇರೇನೋ ಎಂದು ನಾನು ಕೇಳಲಿಲ್ಲ. 2012ರ ಪರೀಕ್ಷೆಯಲ್ಲಿ ಒಂದು ಸುಳಿವು ಸಿಕ್ಕಿತ್ತು: ಸೇರುವಾಗ ಅತಿ ಹೆಚ್ಚು ದಿನ ಕೊಕೇನ್ ಬಳಸುತ್ತಿದ್ದವರಿಗೇ ಆ ಜೋಡಿ ಹೆಚ್ಚು ಹಿಡಿದಿತ್ತು. ಕೈಬಿಟ್ಟವರೆಂದು ನಾವು ಎಣಿಸುವವರಿಗೆ. ಅದಕ್ಕೇ 2020ರ ಪರೀಕ್ಷೆಗೆ ಹಿಂದಿನ ತಿಂಗಳಲ್ಲಿ ಕಡಿಮೆಯೆಂದರೆ ಒಂಬತ್ತು ದಿನ ಬಳಸಿದವರನ್ನೇ ಸೇರಿಸಿಕೊಂಡರು. ಅಷ್ಟನ್ನು ಹೇಳಿದೆ. ಅವನು ತಲೆಯಾಡಿಸಿ, ‘ಹಾಗಾದರೆ ಇವನನ್ನು ಸೇರಿಸಿಕೊಳ್ಳುತ್ತಿದ್ದರು’ ಎಂದು ಕೊಡೆ ಬಿಡಿಸಿದ.